4.56 ತೆಗೆದು 3.73 ಹಾಕಿದ್ದು ಯಾಕೆ

ಶಿರಸಿಯಲ್ಲಿ ಗ್ಯಾರೇಜ್ ಇಟ್ಟವನಿಗೆ ಮೊದಲು ನೆನಪಾಗುವುದು ಘಟ್ಟ. ದೇವಿಮನೆ, ಅರಬೈಲು, ಗೇರುಸೊಪ್ಪ, ಯಾವ ಕಡೆ ಇಳಿದರೂ ಮತ್ತೆ ಹತ್ತಲೇಬೇಕು. ಅಡಿಕೆ ಚೀಲ ಹೇರುವ ಜೀಪುಗಳ ಹಿಂದಿನ ಹೌಸಿಂಗ್ ಬಿಚ್ಚಿ ಬಿಚ್ಚಿ ನನಗೊಂದು ಲೆಕ್ಕ ಕೈಗೆ ಕೂತಿತ್ತು: ಘಟ್ಟದ ಗಾಡಿಗೆ ರೇಶಿಯೋ, ಅಂದರೆ ಚಕ್ರ ಒಂದು ಸುತ್ತು ತಿರುಗಲು ಗೇರ್‌ಬಾಕ್ಸ್‌ನಿಂದ ಬರುವ ಶಾಫ್ಟ್ ತಿರುಗಬೇಕಾದ ಸುತ್ತು, ದೊಡ್ಡದಿರಬೇಕು. ಅದೇ ಲೆಕ್ಕವನ್ನು ಸೂಪರ್‌ಚಾರ್ಜರ್ (ಇಂಜಿನ್‌ಗೆ ಒತ್ತಿ ಗಾಳಿ ತುಂಬುವ ಸಾಧನ) ಇದ್ದ ಕಾರಿಗೂ ಹಾಕಿದೆ. ತಪ್ಪಾಯಿತು.

ಕಾರು ಕಾರವಾರದವರದ್ದು. ಹಳೇ ಪೆಟ್ರೋಲ್ ಗಾಡಿ, ಹಿಂದಿನ ಚಕ್ರ ಎಳೆಯುವಂಥದ್ದು. ಸೂಪರ್‌ಚಾರ್ಜರ್ ಬೇರೆ ಕಡೆ ಕೂರಿಸಿಕೊಂಡು ಬಂದಿದ್ದರು. ಹಿಂದಿನ ಹೌಸಿಂಗ್ ಒಳಗಿನ ಕ್ರೌನ್ (ಚಕ್ರ ತಿರುಗಿಸುವ ದೊಡ್ಡ ಗೇರ್), ಪಿನಿಯನ್ (ಅದನ್ನು ತಿರುಗಿಸುವ ಚಿಕ್ಕ ಗೇರ್) ಸವೆದು ಶಬ್ದ ಬರುತ್ತಿತ್ತು. "ಘಟ್ಟದಲ್ಲಿ ಚೆನ್ನಾಗಿ ಎಳೀಬೇಕು" ಅಂದರು. ನಾನು ಮುಂದೆ ಏನೂ ಕೇಳಲಿಲ್ಲ. 41 ಹಲ್ಲಿನ ಕ್ರೌನ್, 9 ಹಲ್ಲಿನ ಪಿನಿಯನ್ ಹಾಕಿಬಿಟ್ಟೆ. ಭಾಗಿಸಿದರೆ 4.56.

ಎರಡು ವಾರಕ್ಕೆ ಫೋನ್ ಬಂತು. "ಮೇಸ್ತ್ರೀ, ಹೈವೇಯಲ್ಲಿ ಇಂಜಿನ್ ಕೂಗ್ತದೆ. ಅಂಕೋಲಾ ದಾಟೋದ್ರೊಳಗೆ ತಲೆ ನೋಯ್ತದೆ." ಅವರು ದಿನಾ ಕಾರವಾರ-ಕುಮಟಾ ಓಡಾಡುವವರು. ಘಟ್ಟ ಹತ್ತುವುದು ತಿಂಗಳಿಗೆ ಒಂದೆರಡು ಸಲ ಅಷ್ಟೇ. ಇದನ್ನು ನಾನು ಮೊದಲೇ ಕೇಳಬೇಕಿತ್ತು, ಅಲ್ವಾ?

ಗಾಡಿ ತರಿಸಿಕೊಂಡು ನಾನೇ ಓಡಿಸಿದೆ. ಮಳೆಗಾಲ. ದೇವಿಮನೆಯ ತಿರುವಿನಲ್ಲಿ ಎರಡನೇ ಗೇರ್‌ನಲ್ಲಿ ಸ್ವಲ್ಪ ಒತ್ತಿದರೂ ಹಿಂದಿನ ಟೈರ್ ಜಾರುತ್ತಿತ್ತು. ಒಂದನೇ ಗೇರ್ ಹಾಕಿದ ಕೂಡಲೇ ಇಂಜಿನ್ ಕೂಗಿ ಎರಡನೇದಕ್ಕೆ ಬದಲಿಸಬೇಕಾಗುತ್ತಿತ್ತು. ಶಕ್ತಿ ಕಡಿಮೆ ಇರಲಿಲ್ಲ, ರಸ್ತೆಗೆ ಇಳಿಯುತ್ತಿರಲಿಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ. ಟೈರಿಗೂ ನೆಲಕ್ಕೂ ಸುಣ್ಣದಕಡ್ಡಿಯಲ್ಲಿ ಗೆರೆ ಎಳೆದು ಗಾಡಿಯನ್ನು ಒಂದು ಸುತ್ತು ತಳ್ಳಿದೆವು: 1.9 ಮೀಟರ್. 90 ಕಿಲೋಮೀಟರ್ ವೇಗ ಅಂದರೆ ನಿಮಿಷಕ್ಕೆ 1500 ಮೀಟರ್. ಚಕ್ರ ಸುಮಾರು 790 ಸುತ್ತು ತಿರುಗಬೇಕು. ಐದನೇ ಗೇರ್‌ನ ರೇಶಿಯೋ 0.85. ಇವೆರಡನ್ನೂ ಹಿಂದಿನ ರೇಶಿಯೋ ಜೊತೆ ಗುಣಿಸಿದರೆ 4.56ಕ್ಕೆ ಇಂಜಿನ್ ಸುಮಾರು 3060 ಆರ್‌ಪಿಎಂ (ನಿಮಿಷಕ್ಕೆ ಸುತ್ತು). 41ರ ಕ್ರೌನ್‌ಗೇ 11 ಹಲ್ಲಿನ ಪಿನಿಯನ್ ಹಾಕಿದರೆ, ಅಂದರೆ 3.73ಕ್ಕೆ, ಸುಮಾರು 2500. ದಿನಾ ಹೈವೇಯಲ್ಲಿ ಓಡುವವರಿಗೆ ಈ 560ರ ವ್ಯತ್ಯಾಸ ತುಂಬಾ ದೊಡ್ಡದು.

ಘಟ್ಟದಲ್ಲಿ ಎಳೆತ ಕಡಿಮೆಯಾಗುವುದಿಲ್ಲವೇ? ಆಗುತ್ತದೆ, ಚಕ್ರಕ್ಕೆ ಸಿಗುವ ಬಲ 18 ಶೇಕಡಾ ಇಳಿಯುತ್ತದೆ. ಆದರೆ ಆ ಕೊರತೆಯನ್ನು ತುಂಬಲಿಕ್ಕೇ ಸೂಪರ್‌ಚಾರ್ಜರ್ ಇದೆ. ಅದು ಕ್ರ್ಯಾಂಕ್‌ನಿಂದ ಬೆಲ್ಟ್ ಮೂಲಕ ತಿರುಗುತ್ತದೆ. ಟರ್ಬೋದಂತೆ ಹೊಗೆಯ ರಭಸ ಏರಲಿ ಎಂದು ಕಾಯುವುದಿಲ್ಲ. ಕೆಳಗಿನ ಆರ್‌ಪಿಎಂನಲ್ಲೇ ಗಾಳಿ ತುಂಬುತ್ತದೆ, ಟಾರ್ಕ್ (ತಿರುಗಿಸುವ ಬಲ) ಅಲ್ಲೇ ಸಿಗುತ್ತದೆ. ನನ್ನ ಜೀಪುಗಳ ಹಳೇ ಡೀಸೆಲ್ ಇಂಜಿನ್‌ಗೆ ಆ ಅನುಕೂಲ ಇರಲಿಲ್ಲ. ಅದಕ್ಕೇ ಅವಕ್ಕೆ ದೊಡ್ಡ ರೇಶಿಯೋ ಬೇಕಿತ್ತು.

ಹಾಗಂತ ಇನ್ನೂ ಇಳಿಸಿ 3.3ಕ್ಕೆ ಹೋಗೋಣ ಎಂದು ನಮ್ಮ ಹುಡುಗ ಹೇಳಿದ. ನಾನು ಬೇಡ ಅಂದೆ. ಒಂದನೇ ಗೇರ್ 3.6. 3.73ರ ಜೊತೆ ಗುಣಿಸಿದರೆ 13.4, 3.3ರ ಜೊತೆ 11.9. ಮನೆಮಂದಿಯೆಲ್ಲ ಕೂತಿರುವಾಗ ಏರಿನ ತಿರುವಿನಲ್ಲಿ ನಿಲ್ಲಿಸಿ ಮತ್ತೆ ಹೊರಡಬೇಕಾದರೆ ಕ್ಲಚ್ ಸುಡುತ್ತದೆ.

ಇನ್ನೊಂದು ಲಾಭವೂ ಇತ್ತು. ಒಂದೇ ಅಳತೆಯ ಕ್ರೌನ್‌ಗೆ 9 ಹಲ್ಲಿನ ಪಿನಿಯನ್ ಚಿಕ್ಕದು, 11 ಹಲ್ಲಿನದ್ದು ದಪ್ಪ. ಟಾರ್ಕ್ ಜಾಸ್ತಿ ಇರುವ ಗಾಡಿಗೆ ದಪ್ಪ ಪಿನಿಯನ್ ಇದ್ದರೆ ನನಗೆ ರಾತ್ರಿ ನಿದ್ದೆ ಬರುತ್ತದೆ.

ಸೆಟ್ ಬದಲಿಸುವ ಕೂಲಿ ನಾನು ತೆಗೆದುಕೊಳ್ಳಲಿಲ್ಲ. ಶಿಮ್ (ಅಂತರ ಸರಿಮಾಡುವ ತೆಳು ಬಿಲ್ಲೆ) ಹಾಕಿ, ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ನೋಡಿ, ಹಲ್ಲಿಗೆ ಬಣ್ಣ ಹಚ್ಚಿ ಗುರುತು ಮಧ್ಯಕ್ಕೆ ಬರುವವರೆಗೆ ಮೂರು ಸಲ ಬಿಚ್ಚಿದೆ. ಹೊಸ ಹಲ್ಲು ಬೇಗ ಬಿಸಿಯಾಗುತ್ತದೆ, ಮೊದಲ ದಿನ ಸುಮ್ನೆ ನಿಧಾನಕ್ಕೆ ಓಡಿಸಿ, ಮಧ್ಯೆ ನಿಲ್ಲಿಸಿ ಆರಲು ಬಿಡಿ ಎಂದು ಹೇಳಿ ಕಳಿಸಿದೆ.

ಮತ್ತೆ ಒಂದನ್ನು ಮರೆತೆ. ಈ ಗಾಡಿಯ ಮೀಟರ್ ಕೇಬಲ್ ಗೇರ್‌ಬಾಕ್ಸ್‌ನಿಂದ ಬರುತ್ತದೆ. ರೇಶಿಯೋ ಇಳಿದ ಮೇಲೆ ಅದೇ ವೇಗಕ್ಕೆ ಕೇಬಲ್ ಕಡಿಮೆ ತಿರುಗುತ್ತದೆ, ಹಾಗಾಗಿ ಮುಳ್ಳು 82 ತೋರಿಸುವಾಗ ಗಾಡಿ ನಿಜವಾಗಿ 100ರಲ್ಲಿ ಓಡುತ್ತಿತ್ತು. ಅವರು ಕಾರವಾರ ಮುಟ್ಟುವ ಮೊದಲೇ ನೆನಪಾಯಿತು. ತಕ್ಷಣ ಫೋನ್ ಮಾಡಿ, ಮೀಟರ್ ನಂಬಬೇಡಿ, 65 ದಾಟಿಸಬೇಡಿ ಅಂದೆ. ಮರುವಾರ ಸ್ಪೀಡೋಮೀಟರ್‌ನ ಚಿಕ್ಕ ಗೇರ್ ಬದಲಿಸಿಕೊಟ್ಟೆ.