ಒಂದು ತಲೆ ಕಡಿಮೆ

ಆಷಾಢದ ಚಿಕ್ಕಮಗಳೂರಿನಲ್ಲಿ ಸಂಜೆ ಐದೂವರೆಗೇ ಮಬ್ಬುಗತ್ತಲು. ಜೈಲಿನಲ್ಲಿ ಅದು ಲಾಕಪ್ ಹೊತ್ತು: ಬಂದಿಗಳನ್ನೆಲ್ಲ ಬ್ಯಾರಕ್‌ಗೆ ಸೇರಿಸಿ, ಎಣಿಸಿ, ಬೀಗ ಜಡಿಯುವ ಸಮಯ. ಬಿಸಿಲಿದ್ದರೆ ಅಂಗಳದಲ್ಲಿ ಇಬ್ಬಿಬ್ಬರನ್ನು ಸಾಲಾಗಿ ಕೂರಿಸಿ ಎಣಿಸಬಹುದು. ಜಡಿಮಳೆಯಲ್ಲಿ ಒಳಗೇ ಎಣಿಸಬೇಕು. ಒಳಗೆ ಹಗ್ಗ ಕಟ್ಟಲು ಬಿಡುವಂತಿಲ್ಲ (ಯಾಕೆಂದು ಬಿಡಿಸಿ ಹೇಳಬೇಕಿಲ್ಲ), ಹಾಗಾಗಿ ಒಣಗದ ಲುಂಗಿ, ಟವೆಲ್ಲುಗಳೆಲ್ಲ ಕಿಟಕಿ ಸರಳಿನ ಮೇಲೆ. ಇದ್ದ ಬೆಳಕೂ ಹೋಯಿತು. ಒಬ್ಬ ಶೌಚಾಲಯದಲ್ಲಿ, ಇನ್ನೊಬ್ಬ ತಲೆತುಂಬ ಕಂಬಳಿ ಹೊದ್ದು ಮಲಗಿದ್ದಾನೆ. ಪುಸ್ತಕದಲ್ಲಿ 84, ಕಣ್ಣಿಗೆ ಸಿಕ್ಕಿದ್ದು 83.

ಕೆಲಸಕ್ಕೆ ಹೊಸಬನಾದವನು ಇಲ್ಲಿ ಎರಡು ತಪ್ಪು ಮಾಡುತ್ತಾನೆ. ಒಂದು, ಹೇಗೂ ಇದ್ದೇ ಇರುತ್ತಾನೆ ಅಂತ 84 ಬರೆದುಬಿಡುವುದು. ಇನ್ನೊಂದು, ಗಾಬರಿಯಾಗಿ ಗೋಡೆಯ ಕಡೆ ಓಡುವುದು. ಎರಡೂ ಬೇಡ. ಗೇಟಿನಲ್ಲಿ ಒಳಹೊರಗಿನ ಓಡಾಟ ನಿಲ್ಲಿಸಿ, ಬೇರೆ ಸಿಬ್ಬಂದಿಯಿಂದ ಇನ್ನೊಮ್ಮೆ ಎಣಿಸಬೇಕು. ಎಣಿಸಿದವನೇ ಮತ್ತೆ ಎಣಿಸಿದರೆ ಅದೇ ತಪ್ಪನ್ನೇ ಮಾಡುತ್ತಾನೆ. ಕಂಬಳಿ ಎಣಿಸಬಾರದು, ಮುಖ ಎಣಿಸಬೇಕು. ಮಲಗಿದವನನ್ನು ಎಬ್ಬಿಸಿದರೆ ಬೈದುಕೊಳ್ಳುತ್ತಾನೆ, ಬೈದುಕೊಳ್ಳಲಿ. ಆಮೇಲೂ ಲೆಕ್ಕ ಕೂಡದಿದ್ದರೆ ಮೇಲಧಿಕಾರಿಗೆ ತಿಳಿಸಿ, ಪುಸ್ತಕ ಬಿಚ್ಚಬೇಕು: ಇವತ್ತು ಕೋರ್ಟಿಗೆ ಹೋದವರೆಷ್ಟು, ತಿರುಗಿ ಬಂದವರೆಷ್ಟು, ಆಸ್ಪತ್ರೆಯಲ್ಲಿ ಉಳಿದವರು ಯಾರು, ಅಡುಗೆಮನೆಯಲ್ಲಿ ಇನ್ನೂ ಪಾತ್ರೆ ತೊಳೆಯುತ್ತಿರುವವರು ಯಾರು. ಕಾಣೆಯಾದವನು ಬಹುತೇಕ ಸಿಗುವುದು ಇಲ್ಲೇ. ಮಧ್ಯಾಹ್ನ ಎದೆನೋವೆಂದು ಆಸ್ಪತ್ರೆಗೆ ಸೇರಿಸಿದ ಮನುಷ್ಯನನ್ನು ಗೇಟಿನ ಪುಸ್ತಕದಲ್ಲಿ ಬರೆದಿರುತ್ತಾರೆ, ಬ್ಯಾರಕ್ ಪುಸ್ತಕದಲ್ಲಿ ಕಳೆದಿರುವುದಿಲ್ಲ.

ಬೆಳಿಗ್ಗೆ ಮೈದಾನದಲ್ಲಿ ಓಡುವ ಹುಡುಗರು ಈ ಕೆಲಸದ ಬಗ್ಗೆ ಕೇಳುವುದೆಲ್ಲ ಓಟದ್ದೇ. ಸರಿ, ಅದನ್ನೂ ಹೇಳಿಬಿಡುವ. ವೀಕ್ಷಕ, ಅಂದರೆ ವಾರ್ಡರ್ ಹುದ್ದೆಗೆ ಎಸ್ಸೆಸ್ಸೆಲ್ಸಿ, ಜೈಲರ್ ಹುದ್ದೆಗೆ ಪದವಿ. ದೇಹದಾರ್ಢ್ಯದ ಅಳತೆಗಳನ್ನು ಆಯಾ ಅಧಿಸೂಚನೆಯಲ್ಲೇ ನೋಡಿಕೊಳ್ಳಬೇಕು. ಅಲ್ಲಿಯವರೆಗೆ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ಆರೂವರೆ ನಿಮಿಷಕ್ಕೆ 1600 ಮೀಟರ್ ಅನ್ನುವುದನ್ನೇ ಗುರಿ ಇಟ್ಟುಕೊಂಡು ಓಡಿದರೆ ನಷ್ಟವಿಲ್ಲ. ಆದರೆ ಕೆಲಸಕ್ಕೆ ಸೇರಿದ ಮೇಲೆ ಬೇಕಾಗುವುದು ಗಂಟೆಗಟ್ಟಲೆ ನಿಲ್ಲುವ ಕಾಲು, ತಪ್ಪಿಲ್ಲದ ಕೂಡುಕಳೆ, ಇನ್ನೊಬ್ಬರು ಓದಬಲ್ಲ ಅಕ್ಷರ. ಅಕ್ಷರದ ಬಗ್ಗೆ ಯಾರೂ ಕೇಳುವುದಿಲ್ಲ.

ಅಕ್ಷರದ ಬೆಲೆ ತಿಳಿಯುವುದು ಗೇಟಿನಲ್ಲಿ. ಅಲ್ಲಿ ಎರಡು ಬಾಗಿಲು. ಒಂದು ಮುಚ್ಚಿ ಚಿಲಕ ಹಾಕದೆ ಇನ್ನೊಂದನ್ನು ತೆರೆಯುವಂತಿಲ್ಲ, ಬಂದವರು ಎಷ್ಟೇ ದೊಡ್ಡವರಿರಲಿ. ಜನ ಓಡಾಡುವುದು ದಿಡ್ಡಿ ಬಾಗಿಲಲ್ಲಿ, ಒಬ್ಬೊಬ್ಬರಾಗಿ. ಪೊಲೀಸರು ಹೊಸಬನನ್ನು ಕರೆತಂದರೆ ಮೊದಲು ನೋಡುವುದು ಅವನ ಮುಖವನ್ನಲ್ಲ, ವಾರಂಟನ್ನು: ಹೆಸರು, ತಂದೆಯ ಹೆಸರು, ಅಪರಾಧ ಸಂಖ್ಯೆ, ಕಲಂ, ಮುಂದಿನ ತಾರೀಕು, ನ್ಯಾಯಾಧೀಶರ ಸಹಿ, ಕೋರ್ಟಿನ ಮೊಹರು. ಸಹಿ ಇಲ್ಲದ ಕಾಗದದ ಮೇಲೆ ಒಬ್ಬನನ್ನು ಒಳಗಿಟ್ಟುಕೊಂಡರೆ ಅದು ಅಕ್ರಮ ಬಂಧನ, ಉತ್ತರ ಹೇಳುವವರು ನಾವು. ಮೈಮೇಲೆ ಹಳೆಯ ಬಾಸುಂಡೆ, ಗಾಯ ಇದ್ದರೆ ಆಗಲೇ ವೈದ್ಯರಿಂದ ಬರೆಸಬೇಕು. ಬರೆಸದಿದ್ದರೆ ನಾಳೆ ಅದು ನಮ್ಮ ಲೆಕ್ಕಕ್ಕೇ ಬೀಳುತ್ತದೆ.

ಸೊತ್ತಿನ ಪಟ್ಟಿಯಲ್ಲೂ ಒಂದು ಸೂಕ್ಷ್ಮವಿದೆ. ಬೆರಳಲ್ಲಿ ಉಂಗುರವಿದ್ದರೆ ‘ಚಿನ್ನದ ಉಂಗುರ’ ಎಂದು ಬರೆಯಬಾರದು, ‘ಹಳದಿ ಲೋಹದ ಉಂಗುರ’ ಎನ್ನಬೇಕು. ನಾವೇನು ಅಕ್ಕಸಾಲಿಗರೇ? ಹಿತ್ತಾಳೆ ತೆಗೆದುಕೊಂಡು ಚಿನ್ನವೆಂದು ಬರೆದರೆ ಬಿಡುಗಡೆಯ ದಿನ ಚಿನ್ನವನ್ನೇ ಕೊಡಬೇಕಾದೀತು. ಬರೆದದ್ದನ್ನು ಓದಿ ಹೇಳಿ, ಅವನ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಳ್ಳಬೇಕು. ಹೆಂಗಸರಾದರೆ ತಪಾಸಣೆ ಮಹಿಳಾ ಸಿಬ್ಬಂದಿಯದೇ. ತಾಯಿಯ ಜೊತೆ 6 ವರ್ಷದವರೆಗಿನ ಮಗು ಇರಬಹುದು.

ಎಲ್ಲಕ್ಕಿಂತ ಕಷ್ಟದ ಪಾಳಿ ಹೊಸ ಬಂದಿಯ ಮೊದಲ ರಾತ್ರಿ. ಗಲಾಟೆ ಮಾಡುವವನ ಚಿಂತೆ ಅಷ್ಟಿಲ್ಲ, ತಟ್ಟೆ ಮುಂದಿಟ್ಟುಕೊಂಡು ಗೋಡೆ ನೋಡುತ್ತ ಕೂತವನದೇ ಚಿಂತೆ. ಅವನನ್ನು ಒಂಟಿಯಾಗಿ ಬಿಡಬಾರದು. “ಊಟ ಮಾಡಪ್ಪ, ಮನೆಗೆ ಸುದ್ದಿ ಮುಟ್ಟಿದೆಯಾ?” ಅಂತ ಕೇಳಿದರೆ ಅರ್ಧ ಭಾರ ಇಳಿಯುತ್ತದೆ. ದಿನವೂ ಕುಡಿಯುತ್ತಿದ್ದವನದು ಬೇರೆ ಪ್ರಶ್ನೆ. ಮಾರನೇ ದಿನ ಕೈ ನಡುಗಿ, ಬೆವರಿ, ಮೂರನೇ ದಿನ ಇಲ್ಲದವರ ಜೊತೆ ಮಾತಾಡತೊಡಗಿದರೆ ಅದು ನಾಟಕವಲ್ಲ. ಕುಡಿತ ಏಕಾಏಕಿ ನಿಂತಿದ್ದರ ಪರಿಣಾಮ, ಫಿಟ್ಸ್ ಬಂದು ಜೀವವೂ ಹೋಗಬಹುದು. ಲಾಠಿಯ ಕೆಲಸವಲ್ಲ, ಡಾಕ್ಟರ ಕೆಲಸ.

ಯಾರಿಗೆ ಯಾವ ಕೆಲಸ ಹಂಚಬೇಕೆನ್ನುವುದರಲ್ಲೂ ಹಳೆಯ ರೂಢಿ ನಡೆಯದು. ಜಾತಿ ನೋಡಿ ಅಡುಗೆಯನ್ನೋ ಶೌಚಾಲಯವನ್ನೋ ಹಂಚುವುದು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಹೇಳಿ, ಜೈಲಿನ ದಾಖಲೆಗಳಿಂದ ಜಾತಿಯ ಕಾಲಂ ತೆಗೆಯಲು ಆದೇಶಿಸಿತು. ತಡವಾಯಿತು, ಆದರೂ ಆಯಿತು.

ಇನ್ನು ಕಾನೂನು. ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರತಿ ಅಧಿಕಾರಿಗೂ ಬಾಯಿಪಾಠವಿರಬೇಕು. ಮೊದಲ ಸಲದ, ಅಂದರೆ ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆಯಾಗದ ವಿಚಾರಣಾಧೀನ ಬಂದಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ, ಉಳಿದವರು ಅರ್ಧ ಭಾಗ ಒಳಗೇ ಕಳೆದಿದ್ದರೆ, ಜಾಮೀನಿಗಾಗಿ ಕೋರ್ಟಿಗೆ ಬರೆಯಬೇಕಾದವರು ಜೈಲಿನ ಅಧೀಕ್ಷಕರೇ. 3 ವರ್ಷದವರೆಗೆ ಶಿಕ್ಷೆಯಿರುವ ಕಳವಿನ ಕೇಸಾದರೆ ಮೊದಲ ಸಲದವನಿಗೆ ಒಂದು ವರ್ಷಕ್ಕೆ ಆ ದಿನ ಬರುತ್ತದೆ. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೂ, ಹಲವು ಕೇಸುಗಳು ಬಾಕಿ ಇರುವವರಿಗೂ ಇದು ಅನ್ವಯಿಸದು. ಜಾಮೀನು ಸಿಕ್ಕಿಯೂ 7 ದಿನದೊಳಗೆ ಹೊರಹೋಗದವನ ಬಗ್ಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಶ್ಯೂರಿಟಿ ಕೊಡುವವರಿಲ್ಲದ ತೋಟದ ಕೂಲಿಗಳಿಗೆ ಆ ಒಂದು ಪತ್ರವೇ ಆಧಾರ.

ಬಿಡುಗಡೆಯ ಆದೇಶ ಬರುವುದೂ ಹೆಚ್ಚಾಗಿ ಸಂಜೆಗೇ. ವಾರಂಟಿನಲ್ಲಿ ‘ಮಂಜ ಬಿನ್ ಕೃಷ್ಣಪ್ಪ’, ಆದೇಶದಲ್ಲಿ ‘ಮಂಜುನಾಥ ಬಿನ್ ಕೃಷ್ಣೇಗೌಡ’. ಅಪರಾಧ ಸಂಖ್ಯೆ ಹೊಂದಬೇಕು, ಗುರುತಿನ ಮಚ್ಚೆ ನೋಡಬೇಕು, ಬೇರೆ ಕೇಸಿನ ವಾರಂಟ್ ಇದೆಯೇ ಹುಡುಕಬೇಕು, ಅನುಮಾನವಿದ್ದರೆ ಕೋರ್ಟಿಗೆ ಕೇಳಬೇಕು. ಅವನಿಗೋ ಮೂಡಿಗೆರೆಯ ಕಡೆಯ ಬಸ್ಸಿನ ಚಿಂತೆ. “ಬೇಗ ಮಾಡಿ ಸ್ವಾಮಿ” ಅನ್ನುತ್ತಾನೆ. ಅವಸರಪಟ್ಟು ಬೇರೆ ಮಂಜನನ್ನು ಬಿಟ್ಟವರುಂಟು. ಹಳದಿ ಲೋಹದ ಉಂಗುರ ಕೊಟ್ಟು, ಹೆಬ್ಬೆಟ್ಟು ಒತ್ತಿಸಿ, ದಿಡ್ಡಿ ಬಾಗಿಲು ತೆರೆಯಬೇಕು. ಅವನು ಮಳೆಯಲ್ಲಿ ಬಸ್‌ಸ್ಟ್ಯಾಂಡಿನ ಕಡೆ ಓಡುತ್ತಿರುವಾಗಲೇ ಬ್ಯಾರಕ್ ಪುಸ್ತಕದಲ್ಲೂ ಒಂದು ಕಳೆಯಬೇಕು. ಇಲ್ಲದಿದ್ದರೆ ರಾತ್ರಿ ಪಾಳಿಯವನು ಟಾರ್ಚು ಹಿಡಿದು ಕಂಬಳಿ ಕಂಬಳಿ ಎತ್ತಿ ಅವನನ್ನು ಹುಡುಕುತ್ತಾನೆ.