ಹಿತ್ತಲ ನೋಟ್‌ಬುಕ್: ಬ್ರಿಸ್ಬೇನಿನ ಮೊದಲ ಹತ್ತು ತಿಂಗಳು

ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ಪಶ್ಚಿಮದ ಅಂಚಿನಲ್ಲಿ, ಡಿ’ಅಗಿಲಾರ್ ರಾಷ್ಟ್ರೀಯ ಉದ್ಯಾನದ ಗುಡ್ಡಗಳು ಮನೆಗಳ ಬೆನ್ನಿಗೇ ಬಂದು ನಿಲ್ಲುವ ದಿ ಗ್ಯಾಪ್ ಎಂಬ ಬಡಾವಣೆಗೆ ನಾವು ಬಂದಿಳಿದದ್ದು ಜುಲೈ ಮೊದಲ ವಾರದಲ್ಲಿ. ಮೂಡಿಗೆರೆಯ ಕಡೆಯ ನಮ್ಮ ಕಾಫಿ ತೋಟದಲ್ಲಿ ಆಗ ಆಷಾಢದ ಮಳೆ ಹಿಡಿದಿತ್ತು. ಇಲ್ಲಿ ಆಕಾಶ ತಿಳಿಯಾಗಿದ್ದ ಒಣ ಚಳಿಗಾಲ. ಎರಡನೇ ದಿನವೇ ಒಂದು ನೋಟ್‌ಬುಕ್ ತೆರೆದೆ. ನಾನು ಹಾಕಿಕೊಂಡ ಕಟ್ಟುಪಾಡು ಸರಳವಾಗಿತ್ತು: ಕೆಲಸಕ್ಕೆ ಹೊರಡುವ ಮುನ್ನ ದಿನವೂ ಅರ್ಧ ಗಂಟೆ ಹಿತ್ತಲ ಮೆಟ್ಟಿಲ ಮೇಲೆ ಕೂರುವುದು, ಕಂಡ ಜೀವಿಯ ಬಣ್ಣ, ಕೂಗು, ನಡವಳಿಕೆಯನ್ನು ಎಡಪುಟದಲ್ಲಿ ಬರೆಯುವುದು, ಗುರುತು ಹಿಡಿದ ಮೇಲೆ ಬಲಪುಟದಲ್ಲಿ ಹೆಸರು ಬರೆಯುವುದು. ಈಗ ಏಪ್ರಿಲ್. ಬಲಪುಟದಲ್ಲಿ 64 ಹೆಸರುಗಳಾಗಿವೆ, ಅವುಗಳಲ್ಲಿ 43 ಹಕ್ಕಿಗಳು. ಆದರೆ ಬರೆದು ಹೊಡೆದುಹಾಕಿದ ಹೆಸರುಗಳಿಂದಲೇ ನಾನು ಹೆಚ್ಚು ಕಲಿತಿದ್ದೇನೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಜುಲೈ

ಮೊದಲ ಪುಟದ ಮೊದಲ ಹೆಸರು ‘ಗೊರವಂಕ’. ಹಳದಿ ಕೊಕ್ಕು, ಕಣ್ಣಿನ ಹಿಂದೆ ಹಳದಿ ಚರ್ಮ, ಕಪ್ಪು ತಲೆ, ಗುಂಪುಗೂಡಿ ಜಗಳವಾಡುವ ಸ್ವಭಾವ: ಇಷ್ಟೆಲ್ಲ ಹೊಂದಿದ ಮೇಲೆ ಅನುಮಾನಕ್ಕೆ ಎಡೆಯೇ ಇರಲಿಲ್ಲ. ದೂರದ ದೇಶದಲ್ಲಿ ಮನೆಯ ಅಂಗಳದ ಹಕ್ಕಿಯನ್ನೇ ಕಂಡ ಸಂತೋಷದಲ್ಲಿ ಅಮ್ಮನಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟೆ. ಎಂಟನೇ ದಿನ ಅದೇ ಹಕ್ಕಿ ಮೆಟ್ಟಿಲ ಕಟಕಟೆಯ ಮೇಲೆ, ಕೈಗೆಟುಕುವಷ್ಟು ಹತ್ತಿರ ಕುಳಿತಿತು. ಗೊರವಂಕದ ಕಂದು ಬಣ್ಣ ಮೈಮೇಲೆ ಎಲ್ಲಿಯೂ ಇರಲಿಲ್ಲ. ಮೈಯೆಲ್ಲ ಬೂದು, ಎದೆಯ ಗರಿಗಳಿಗೆ ಮೀನಿನ ಹುರುಪೆಯಂತೆ ಬಿಳಿಯ ಅಂಚು, ಹಾರಿದಾಗ ರೆಕ್ಕೆಯಲ್ಲಿ ಬಿಳಿಯ ಮಚ್ಚೆಯೂ ಇಲ್ಲ. ಅದು ನಾಯ್ಸಿ ಮೈನರ್. ಮಕರಂದ ಹೀರುವ ಹನಿಈಟರ್ ಕುಟುಂಬಕ್ಕೆ ಸೇರಿದ, ಪೂರ್ವ ಆಸ್ಟ್ರೇಲಿಯಾದ ಸ್ವಂತ ಹಕ್ಕಿ. ಗೊರವಂಕಕ್ಕೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ.

ನಿಜವಾದ ಗೊರವಂಕ ಮೂರು ವಾರಗಳ ನಂತರ ಅಂಗಡಿ ಸಾಲಿನ ಕಾರು ನಿಲ್ದಾಣದಲ್ಲಿ ಸಿಕ್ಕಿತು. ಬೆಳೆಯ ಕೀಟಗಳನ್ನು ತಿನ್ನಲಿ ಎಂದು 1862ರಲ್ಲಿ ಮೆಲ್ಬರ್ನ್‌ಗೆ ತಂದು ಬಿಟ್ಟ ಹಕ್ಕಿಯದು. ಮುಂದೆ ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಕಬ್ಬಿನ ಗದ್ದೆಗಳಿಗೂ ಅದನ್ನು ಒಯ್ದರು. ಮರದ ಪೊಟರೆಗಳನ್ನು ಇಲ್ಲಿನ ಗಿಳಿಗಳಿಂದ ಕಸಿದುಕೊಳ್ಳುವ ಕಾರಣಕ್ಕೆ ಜನ ಇಂದು ಅದನ್ನು ಪೀಡೆಯೆಂದು ಕಾಣುತ್ತಾರೆ. ಅಡುಗೆಮನೆಯ ಗೋಡೆಯ ಮೇಲೆ ರಾತ್ರಿ ಲೊಚಗುಟ್ಟುವ ಹಲ್ಲಿಯದೂ ಇದೇ ಕಥೆ. ಅದು ನಮ್ಮ ಮನೆಗಳಲ್ಲಿರುವ ಏಷ್ಯಾದ ಹಲ್ಲಿಯ ಜಾತಿಯೇ. ಹಡಗಿನ ಸರಕಿನ ಜೊತೆ ಬಂದು ನೆಲೆಸಿದ್ದು. ಅದು ಲೊಚಗುಟ್ಟಿದಾಗ ನನ್ನ ಬೆರಳು ಈಗಲೂ ತಾನಾಗಿ ನೆಲ ತಟ್ಟುತ್ತದೆ, ಬಾಯಿ ‘ಕೃಷ್ಣ ಕೃಷ್ಣ’ ಎನ್ನುತ್ತದೆ. ತಿಂಗಳ ಕೊನೆಗೆ ಒಂದು ನಿಯಮ ಸೇರಿಸಿದೆ: ನೋಡಿದ ಕೂಡಲೇ ಊರಿನ ಹೆಸರು ಬಾಯಿಗೆ ಬಂದರೆ, ಅದನ್ನು ಬರೆಯುವ ಮುನ್ನ ಒಂದು ವಾರ ಕಾಯಬೇಕು.

ಆಗಸ್ಟ್, ಸೆಪ್ಟೆಂಬರ್

ಬೇಲಿಯ ಬದಿಗೆ ಎರಡು ಪಾತಿ ಮಾಡಿ ಮೆಂತ್ಯ, ಕೊತ್ತಂಬರಿ ಬಿತ್ತಿ, ಮೇಲೆ ದಪ್ಪಗೆ ದರಗು ಹೊದಿಸಿದ್ದೆ. ಆಗಸ್ಟ್ ಕೊನೆಯ ವಾರದ ಒಂದು ಬೆಳಿಗ್ಗೆ ನೋಡಿದರೆ ದರಗೂ ಇಲ್ಲ, ಮೊಳಕೆಯೂ ಇಲ್ಲ. ಎಲ್ಲವೂ ಹಿತ್ತಲ ಮೂಲೆಯಲ್ಲಿ ರಾಶಿಯಾಗಿ ಬಿದ್ದಿತ್ತು. ರಾಶಿಯ ಮೇಲೆ ನಿಂತು ಹಿಂದಕ್ಕೆ ಕೆದರುತ್ತಿದ್ದುದು ಕಪ್ಪು ಮೈಯ, ಬೋಳು ಕೆಂಪು ತಲೆಯ, ಕತ್ತಿನಲ್ಲಿ ಹಳದಿ ಜೋಲು ಚರ್ಮದ ದೊಡ್ಡ ಹಕ್ಕಿ. ಅದೇ ಬ್ರಷ್ ಟರ್ಕಿಯ ಗಂಡು. ಹೆಸರಿನಲ್ಲಿ ಟರ್ಕಿ ಇದ್ದರೂ ಅದು ಟರ್ಕಿ ಕೋಳಿಯಲ್ಲ. ತನ್ನ ಮೈಯ ಕಾವಿನ ಬದಲು ಕೊಳೆಯುವ ಎಲೆಯ ಕಾವಿನಿಂದ ಮೊಟ್ಟೆ ಮರಿಮಾಡಿಸುವ ಬೇರೆಯೇ ಒಂದು ಕುಟುಂಬದ ಹಕ್ಕಿ ಅದು.

ಮುಂದಿನ ಆರು ವಾರಗಳ ಬಹುಪಾಲು ಪುಟಗಳು ಈ ಹಕ್ಕಿಗೇ ಮೀಸಲಾದವು. ದಿಬ್ಬ ನನ್ನ ಸೊಂಟದೆತ್ತರ ಬೆಳೆಯಿತು, ಅಡ್ಡಗಲ ಮೂರು ಮೀಟರ್ ಮೀರಿತು. ತೋಟದಲ್ಲಿ ಅಪ್ಪ ಮಾಡುವ ಗೊಬ್ಬರದ ಗುಂಡಿಯನ್ನು ಚಳಿಯ ಬೆಳಿಗ್ಗೆ ಕೆದಕಿದರೆ ಹಬೆ ಏಳುತ್ತದೆ. ಆ ಕಾವನ್ನೇ ಈ ಹಕ್ಕಿ ಹದವರಿತು ಬಳಸುತ್ತದೆ. ದಿನಕ್ಕೆ ಹಲವು ಬಾರಿ ಗಂಡು ದಿಬ್ಬದ ಮೇಲೆ ಹತ್ತಿ, ಒಂದು ಗುಣಿ ತೋಡಿ, ತಲೆಯನ್ನು ಅದರೊಳಗೆ ಪೂರ್ತಿ ಇಳಿಸಿ, ಕೊಕ್ಕಿನಲ್ಲಿ ಒಂದಿಷ್ಟು ಎಲೆಮಣ್ಣು ಹಿಡಿದು ಕ್ಷಣಕಾಲ ಸುಮ್ಮನೆ ನಿಲ್ಲುತ್ತದೆ. ಬಿಸಿ ನೋಡುವ ಕ್ರಮ ಅದು. ಕಾವು ಹೆಚ್ಚಾದರೆ ಮೇಲಿನ ಪದರ ಕೆದರಿ ತೆಳು ಮಾಡುತ್ತದೆ, ಕಡಿಮೆಯಾದರೆ ಹೊಸ ಎಲೆ ಎಳೆದು ಹಾಕುತ್ತದೆ. ಹೀಗೆ ದಿಬ್ಬದ ಒಳಗನ್ನು 33ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತದೆ. ಹೆಣ್ಣುಗಳು ಬಂದು ಮೊಟ್ಟೆಯಿಟ್ಟು ಹೋಗುತ್ತವೆ. ಸುಮಾರು 50 ದಿನಗಳ ಕಾವಲು ಪೂರ್ತಿ ಗಂಡಿನದೇ. ಒಂದು ಮಳೆಯ ದಿನ, ನೀರು ಒಳಗಿಳಿಯದಿರಲೆಂದೋ ಏನೋ, ಅದು ಬೆಳಗಿನಿಂದ ಸಂಜೆಯವರೆಗೆ ದಿಬ್ಬದ ನೆತ್ತಿಯನ್ನು ಸರಿಪಡಿಸುತ್ತಲೇ ಇದ್ದುದನ್ನು ಕಿಟಕಿಯಿಂದ ನೋಡಿದೆ. ಅಂದು ಪಾತಿ ಹಾಳಾದ ಬೇಸರ ನನ್ನಲ್ಲಿ ಉಳಿಯಲಿಲ್ಲ.

ಕ್ವೀನ್ಸ್‌ಲ್ಯಾಂಡಿನಲ್ಲಿ ಈ ಹಕ್ಕಿಗೂ ಮೊಟ್ಟೆಗೂ ಕಾನೂನಿನ ರಕ್ಷಣೆಯಿದೆ. ಮೊಟ್ಟೆಯಿರುವ ದಿಬ್ಬವನ್ನು ನಮ್ಮಿಷ್ಟಕ್ಕೆ ಕೆಡವುವಂತಿಲ್ಲ. ಪಕ್ಕದ ಮನೆಯ ಹಿರಿಯರು ಬೇಲಿಯಾಚೆಯಿಂದ ಉಪಾಯ ಹೇಳಿಕೊಟ್ಟರು: ದರಗಿನ ಅಡಿಯಲ್ಲಿ ತಂತಿ ಬಲೆ ಹಾಸಬೇಕು, ಗಿಡದ ಬುಡದ ಸುತ್ತ ಕೆದರಲಾಗದಷ್ಟು ಭಾರದ ಕಲ್ಲುಗಳನ್ನು ಒತ್ತೊತ್ತಾಗಿ ಇಡಬೇಕು. ಎರಡನೇ ಬಾರಿ ಬಿತ್ತಿದ ಮೆಂತ್ಯ ಕೈಗೆ ಬಂತು.

ಮ್ಯಾಗ್‌ಪೈ ಎಂಬ ಹಕ್ಕಿ ಜನರ ಮೇಲೆ ಎರಗುವ ಕಾಲವೂ ಇದೇ. ಇದು ಯುರೋಪಿನ ಮ್ಯಾಗ್‌ಪೈ ಅಲ್ಲ. ಕಪ್ಪುಬಿಳುಪು ಬಣ್ಣ ನೋಡಿ ಬ್ರಿಟಿಷರು ತಮ್ಮ ಊರಿನ ಹೆಸರಿಟ್ಟರು. ಗೊರವಂಕದ ವಿಷಯದಲ್ಲಿ ನಾನು ಮಾಡಿದ ತಪ್ಪೇ ಅವರದೂ, ಆದರೆ ಅವರ ಹೆಸರು ನಿಂತುಬಿಟ್ಟಿತು. ಗೂಡಿನಲ್ಲಿ ಮರಿಯಿರುವಾಗ ಕೆಲವೇ ಗಂಡುಗಳು ದಾರಿಹೋಕರ ತಲೆಯ ಮೇಲೆ ಎರಗುತ್ತವೆ. ನಾನು ಬಸ್ ನಿಲ್ದಾಣಕ್ಕೆ ಹೋಗುವ ದಾರಿಯ ನೀಲಗಿರಿ ಮರದಲ್ಲೂ ಅಂಥದೊಂದಿತ್ತು. ಎರಡು ಬಾರಿ ಕಿವಿಯ ಪಕ್ಕದಲ್ಲೇ ಕೊಕ್ಕಿನ ಸದ್ದು ಕೇಳಿದ ಮೇಲೆ ಆರು ವಾರ ಎದುರು ಬದಿಯ ಕಾಲುದಾರಿಯಲ್ಲಿ ನಡೆದೆ. ಬೆಳಗಿನ ಹೊತ್ತು ಅದು ಹಾಡುವುದನ್ನು ಕೇಳಿದವರಿಗೆ ಅದರ ಮೇಲೆ ಸಿಟ್ಟು ಬರಲಾರದು. ಕೊಳಲಿನ ಒಳಗೆ ನೀರು ಹರಿದಂತಹ ಸ್ವರ ಅದು.

ಅಕ್ಟೋಬರ್

ಸೆಪ್ಟೆಂಬರ್ ಕೊನೆಯ ರಾತ್ರಿ, ಇನ್ನೂ ನಾಲ್ಕು ಗಂಟೆಯಾಗಿರಲಿಲ್ಲ, ಕೋಗಿಲೆ ಕೂಗಿತು. ಹೊಸ ನಿಯಮದಂತೆ ಒಂದು ವಾರ ಕಾದೆ. ಈ ಬಾರಿ ಊರಿನ ಹೆಸರು ಸರಿಯಾಗಿತ್ತು. ಇದು ನಮ್ಮ ಕೋಗಿಲೆಯ ಅತಿ ಹತ್ತಿರದ ಬಂಧು: ಗಂಡು ಕಪ್ಪು, ಕಣ್ಣು ಕೆಂಪು, ಸ್ವರ ಏರುತ್ತಾ ಹೋಗುವ ಅದೇ ಕೂಗು. ಇವು ನ್ಯೂಗಿನಿಯ ಕಡೆಯಿಂದ ವಸಂತದಲ್ಲಿ ಬಂದು, ಶರತ್ಕಾಲದಲ್ಲಿ ಮರಳಿ ಹೋಗುತ್ತವೆ. ಊರಿನಲ್ಲಿ ಅದು ಮೊಟ್ಟೆಯಿಡುವುದು ಕಾಗೆಯ ಗೂಡಿನಲ್ಲಿ. ಇಲ್ಲಿ ಫಿಗ್‌ಬರ್ಡ್, ಫ್ರೈಯರ್‌ಬರ್ಡ್‌ಗಳಂತಹ ಹಕ್ಕಿಗಳ ಗೂಡುಗಳಲ್ಲಿ. ಯುಗಾದಿಯ ಹಕ್ಕಿ ನವರಾತ್ರಿಯ ದಿನಗಳಲ್ಲಿ ಕೂಗುವುದಕ್ಕೆ ಕಿವಿ ಒಗ್ಗಿಸಿಕೊಳ್ಳಲು ಮಾತ್ರ ನನಗೆ ಸಮಯ ಹಿಡಿಯಿತು.

ಇಡೀ ಹತ್ತು ತಿಂಗಳಲ್ಲಿ ನನ್ನನ್ನು ಅತಿ ಹೆಚ್ಚು ತಟ್ಟಿದ ದಿನ ಅಕ್ಟೋಬರ್ ಮೂರನೇ ಭಾನುವಾರ. ಅಂದು ಎನೊಗೆರಾ ಜಲಾಶಯದ ಸುತ್ತಿನ ಹಾದಿಯಲ್ಲಿ ನಡೆಯುತ್ತಿದ್ದೆ. 1866ರಲ್ಲಿ ಕಟ್ಟಿದ ಹಳೆಯ ಕೆರೆ ಅದು, ನಮ್ಮ ಮನೆಗೆ ಹತ್ತಿರ. ತೊರೆಯ ಬದಿಯಲ್ಲಿ ಒಂದು ಎತ್ತರದ ಮರ ಎಲೆ ಕಾಣದಷ್ಟು ಕಿತ್ತಳೆ ಹೊನ್ನಿನ ಹೂ ಬಿಟ್ಟು ನಿಂತಿತ್ತು. ಹಲ್ಲುಜ್ಜುವ ಬ್ರಷ್ಷಿನ ಹಾಗೆ ಒಂದೇ ಬದಿಗೆ ಎಳೆಗಳೆದ್ದ ಹೂಗೊಂಚಲು. ಬುಡದಲ್ಲಿ ಬಿದ್ದಿದ್ದ ಒಂದು ಎಲೆ ಎತ್ತಿಕೊಂಡೆ. ಜರಿಗಿಡದಂತೆ ಸೀಳಿದ ಎಲೆ, ತಿರುವಿ ನೋಡಿದರೆ ಬೆಳ್ಳಿಯ ಬಣ್ಣ. ನನ್ನ ಕೈ ಆ ಎಲೆಯನ್ನು ಕಣ್ಣಿಗಿಂತ ಮೊದಲೇ ಗುರುತಿಸಿತು: ಸಿಲ್ವರ್ ಓಕ್.

ಚಿಕ್ಕಮಗಳೂರು, ಕೊಡಗಿನ ತೋಟಗಳನ್ನು ಬಲ್ಲವರಿಗೆ ಈ ಮರವನ್ನು ಪರಿಚಯಿಸಬೇಕಾಗಿಲ್ಲ. ಕಾಫಿಗೆ ನೆರಳು, ಕಾಳುಮೆಣಸಿನ ಬಳ್ಳಿಗೆ ಆಸರೆ, ಬಲಿತ ಮೇಲೆ ಮರದ ವ್ಯಾಪಾರಿಗೆ ಸರಕು. ಆಗ್ನೇಯ ಕ್ವೀನ್ಸ್‌ಲ್ಯಾಂಡ್ ಮತ್ತು ಉತ್ತರ ನ್ಯೂ ಸೌತ್ ವೇಲ್ಸಿನ ಕಾಡುಗಳು ಅದರ ತವರು ಎಂದು ಎಲ್ಲೋ ಓದಿದ್ದು ನೆನಪಿತ್ತು, ಆದರೆ ಓದಿದ್ದಕ್ಕೂ ಅದರ ಬುಡದಲ್ಲಿ ನಿಲ್ಲುವುದಕ್ಕೂ ವ್ಯತ್ಯಾಸವಿದೆ. ನೆರಳನ್ನು ಹದಕ್ಕೆ ತರಲು ನಾವು ವರ್ಷವೂ ಕೊಂಬೆ ಸವರಿ ಮರಗಸಿ ಮಾಡುತ್ತೇವೆ. ಅದು ಮೈತುಂಬ ಹೂ ಬಿಟ್ಟು ನಿಂತದ್ದನ್ನು ನಾನು ಎಂದೂ ಗಮನಿಸಿರಲಿಲ್ಲ. ಇಲ್ಲಿ ರೇನ್‌ಬೋ ಲೊರಿಕೀಟ್ ಗಿಳಿಗಳು ತುದಿಯಲ್ಲಿ ಕುಂಚದಂತಿರುವ ನಾಲಗೆಯಿಂದ ಮಕರಂದ ನೆಕ್ಕುತ್ತಿದ್ದವು. ನಾಯ್ಸಿ ಮೈನರ್‌ಗಳು ಅವುಗಳೊಡನೆ ಕಾದಾಡುತ್ತಿದ್ದವು. ಕೆಳಗೆ ನಿಂತ ನನ್ನ ತೋಳಿನ ಮೇಲೂ ಒಂದು ಹನಿ ಬಿತ್ತು. ನೆಕ್ಕಿ ನೋಡಿದೆ, ಸಿಹಿಯಾಗಿತ್ತು.

ಅಪ್ಪನಿಗೆ ವಿಡಿಯೋ ಕರೆ ಮಾಡಿ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. “ನಲವತ್ತು ವರ್ಷ ಆ ಮರದ ಕೆಳಗೇ ಓಡಾಡಿದೀನಿ ಮಗ, ಇಷ್ಟು ಹೂ ಬಿಡುತ್ತೆ ಅಂತ ಗೊತ್ತಿರಲಿಲ್ಲ,” ಎಂದರು. ಆ ಸಂಜೆ ಬಲಪುಟದಲ್ಲಿ ಸಿಲ್ವರ್ ಓಕ್ ಎಂದು ಬರೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಇದು ಓಕ್ ಅಲ್ಲ, ಓಕ್ ಮರದ ಕುಟುಂಬಕ್ಕೂ ಇದಕ್ಕೂ ಸಂಬಂಧವಿಲ್ಲ.

ನವೆಂಬರ್, ಡಿಸೆಂಬರ್

ನವೆಂಬರ್ ಮೂರನೇ ವಾರ ದಿಬ್ಬದ ಮೊದಲ ಮರಿ ಕಂಡಿತು. ಕೋಳಿಮರಿಯಷ್ಟೇ ಗಾತ್ರ, ಕಂದು ಬಣ್ಣ, ಆದರೆ ಮೈತುಂಬ ಗರಿ ಬಲಿತಿತ್ತು. ಆ ಭಾರದ ಎಲೆಮಣ್ಣನ್ನು ಅದು ಒಂಟಿಯಾಗಿ ತೋಡಿಕೊಂಡು ಮೇಲೆ ಬಂದಿತ್ತು. ತಂದೆ ಹತ್ತು ಹೆಜ್ಜೆ ದೂರದಲ್ಲಿದ್ದರೂ ತಿರುಗಿ ನೋಡಲಿಲ್ಲ. ಈ ಜಾತಿಯಲ್ಲಿ ಮರಿಗೆ ಗುಟುಕು ಕೊಡುವವರಾಗಲಿ ಕಾಯುವವರಾಗಲಿ ಇಲ್ಲ. ಮರಿ ಬೇಲಿಯ ಪೊದೆಯೊಳಗೆ ಓಡಿಹೋಯಿತು. ಮತ್ತೆ ಕಾಣಲಿಲ್ಲ. ಹೀಗೆ ಹೊರಬಿದ್ದ ಮರಿಗಳಲ್ಲಿ ಬದುಕುಳಿಯುವುದು ಬಹಳ ಕಡಿಮೆ ಎಂದು ತಿಳಿದ ಮೇಲೆ ಆ ಪೊದೆಯತ್ತ ನೋಡದೆ ಮೆಟ್ಟಿಲಿಳಿದ ದಿನವೇ ಇಲ್ಲ.

ಒಂದು ಎಚ್ಚರಿಕೆಯನ್ನೂ ದಾಖಲಿಸಬೇಕು. ಗುಡ್ಡದ ಹಾದಿಯಿಂದ ಬಂದ ಸಂಜೆ ಕಿವಿಯ ಹಿಂದೆ ಒಂದು ಉಣುಗು ಕಚ್ಚಿಕೊಂಡಿತ್ತು. ಮಲೆನಾಡಿನವರಿಗೆ ಉಣುಗು ಎಂದರೆ ಮಂಗನ ಕಾಯಿಲೆಯ ಭಯ. ಇಲ್ಲಿ ಆ ಕಾಯಿಲೆಯಿಲ್ಲ, ಆದರೆ ಪೂರ್ವ ಕರಾವಳಿಯ ಪ್ಯಾರಾಲಿಸಿಸ್ ಟಿಕ್ ಎಂಬ ಉಣುಗು ನಾಯಿಗಳ ಜೀವ ತೆಗೆಯಬಲ್ಲದು, ಮನುಷ್ಯರಲ್ಲಿ ಕೆಲವರಿಗೆ ತೀವ್ರ ಅಲರ್ಜಿ ತರಬಲ್ಲದು. ಊರಿನ ಅಭ್ಯಾಸದಂತೆ ಉಗುರಿನಿಂದ ಹಿಸುಕಿ ಕಿತ್ತೆ. ಹಾಗೆ ಮಾಡಬಾರದಿತ್ತು. ಹಿಸುಕಿದರೆ ಅದರ ವಿಷ ಮೈಗೆ ಇನ್ನಷ್ಟು ಇಳಿಯುತ್ತದೆ. ಅದಕ್ಕೆಂದೇ ಔಷಧದ ಅಂಗಡಿಯಲ್ಲಿ ಸಿಗುವ ಸ್ಪ್ರೇಯಿಂದ ಇದ್ದಲ್ಲೇ ಹೆಪ್ಪುಗಟ್ಟಿಸಿ ಕೊಲ್ಲುವುದು ಇಲ್ಲಿನ ಸಲಹೆ. ಎರಡು ದಿನ ಕಿವಿ ಊದಿತ್ತು. ಬಾವಲಿಗಳ ವಿಷಯದಲ್ಲೂ ನಿಯಮ ಕಟ್ಟುನಿಟ್ಟು: ಬೇಲಿಗೆ ಸಿಕ್ಕಿ ಒದ್ದಾಡುತ್ತಿದ್ದರೂ ಬರಿಗೈಯಲ್ಲಿ ಮುಟ್ಟಬಾರದು, ಲಸಿಕೆ ಪಡೆದ ವನ್ಯಜೀವಿ ರಕ್ಷಕರನ್ನೇ ಕರೆಯಬೇಕು. 1996ರಲ್ಲಿ ಗುರುತಿಸಲಾದ, ರೇಬೀಸ್‌ನ ಹತ್ತಿರದ ಸಂಬಂಧಿಯಾದ ಲಿಸ್ಸಾವೈರಸ್ ಅವುಗಳಲ್ಲಿ ಕೆಲವಕ್ಕೆ ಇರುತ್ತದೆ.

ಜನವರಿಯಿಂದ ಏಪ್ರಿಲ್

ಬಿರುಬೇಸಿಗೆಯಲ್ಲಿ ಐದು ಗಂಟೆಯ ಸುಮಾರಿಗೇ ಸೂರ್ಯ ಹುಟ್ಟುವುದರಿಂದ ಇನ್ನೂ ಬೇಗ ಕೂರತೊಡಗಿದೆ. ಹೊಸ ಹೆಸರುಗಳು ಹೆಚ್ಚು ಸೇರಲಿಲ್ಲ. ಕಾರ್ಪೆಟ್ ಹೆಬ್ಬಾವು ಒಮ್ಮೆ, ಬಸವನಹುಳು ತಿನ್ನಲು ಬರುವ ನೀಲಿ ನಾಲಗೆಯ ಅರಣೆ ಎರಡು ಬಾರಿ.

ಫೆಬ್ರವರಿಯಲ್ಲಿ ನೀರಿನ ಮೀಟರಿನ ಪೆಟ್ಟಿಗೆಯ ಮುಚ್ಚಳದ ಕಿಂಡಿಯಲ್ಲಿ ಎಳ್ಳುಕಾಳಿಗಿಂತ ಸ್ವಲ್ಪ ದೊಡ್ಡ ಕಪ್ಪು ನೊಣಗಳು ಓಡಾಡುತ್ತಿದ್ದವು. ಬಗ್ಗಿ ನೋಡಿದಾಗ ಕಿಂಡಿಯ ಸುತ್ತ ಕಪ್ಪು ರಾಳ ಮೆತ್ತಿತ್ತು. ಮಲೆನಾಡಿನ ನಾವು ಮಿಸ್ರಿ ಎಂದೂ ಕರಾವಳಿಯವರು ಮುಜಂಟಿ ಎಂದೂ ಕರೆಯುವ, ಮುಳ್ಳು ಚುಚ್ಚದ ಜೇನಿನ ಇಲ್ಲಿನ ಬಳಗವದು. ನಮ್ಮ ಬಡಾವಣೆಯ ದಕ್ಷಿಣಕ್ಕೆ ಕಾಣುವ ಮೌಂಟ್ ಕೂಥಾ ಬೆಟ್ಟಕ್ಕೆ ಆ ಹೆಸರು ಬಂದದ್ದು ಇಲ್ಲಿನ ಮೂಲನಿವಾಸಿಗಳ ಮಾತಿನಲ್ಲಿ ಜೇನು ಎನ್ನುವ ಪದದಿಂದ. ನೋಟ್‌ಬುಕ್ಕಿನಲ್ಲಿ ನಾನು ಬರೆದ ಹೆಸರುಗಳಲ್ಲೆಲ್ಲ ಈ ನೆಲವನ್ನೇ ನೋಡಿ ಇಟ್ಟದ್ದು ಬಹುಶಃ ಇದೊಂದೇ ಎನಿಸಿ, ಅದನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ.

ಈ ತಿಂಗಳು ಕೋಗಿಲೆಯ ಕೂಗು ನಿಂತಿದೆ. ಬ್ರಷ್ ಟರ್ಕಿಯ ದಿಬ್ಬ ಕುಸಿದು ಮೊಣಕಾಲಿನೆತ್ತರಕ್ಕೆ ಇಳಿದಿದೆ. ಗಂಡು ಆಗಾಗ ಬಂದು ನಿಂತು ಹೋಗುತ್ತದೆ. ಮನೆಯ ಮಾಲೀಕರ ಒಪ್ಪಿಗೆ ಪಡೆದು ಕಳೆದ ಶನಿವಾರ ಬೇಲಿಯ ಮೂಲೆಯಲ್ಲಿ ಒಂದು ಸಿಲ್ವರ್ ಓಕ್ ಸಸಿ ನೆಟ್ಟೆ. ಒಂದು ಗೇಣು ಎತ್ತರ, ಏಳು ಎಲೆ. ಬುಡದ ಸುತ್ತ ಹದಿನಾಲ್ಕು ಕಲ್ಲು ಇಟ್ಟಿದ್ದೇನೆ. ಇಂದು ಬೆಳಿಗ್ಗೆ ನೋಡಿದಾಗ ಅವುಗಳಲ್ಲಿ ಎರಡು ಸರಿದಿದ್ದವು, ಇನ್ನೂ ಭಾರದವನ್ನು ತರಬೇಕು.