ಕೈಮರ ನೋಡಬೇಕು ಅನ್ನುವವರಿಗೆ: ಕಾರವಾರದಿಂದ ಒಂದು ರೈಲು ಸುತ್ತು

ಹಳೆ ರೈಲ್ವೆ ಕೈಮರ (ಕಂಬದ ಮೇಲಿನ ತೋಳಿನಿಂದ ಗಾಡಿಗೆ ನಿಲ್ಲು, ಬಾ ಅನ್ನುವ ಸಿಗ್ನಲ್), ಅದನ್ನು ಲಿವರ್ ಎಳೆದು ಆಡಿಸುವ ಕ್ಯಾಬಿನ್, ಗಾಡಿ ಬಿಡಲು ಡ್ರೈವರ್ ಕೈಗೆ ಕೊಡುವ ಟೋಕನ್ ಚೆಂಡು ನೋಡುವ ಆಸೆ ಇದ್ದರೆ ಕಾರವಾರ, ಅಂಕೋಲಾ, ಕುಮಟಾ ಸ್ಟೇಷನ್‌ಗಳಲ್ಲಿ ಹುಡುಕಬೇಡಿ, ಸಿಗೋದಿಲ್ಲ. ಕೊಂಕಣ ರೈಲ್ವೆ ಪೂರ್ತಿ ಶುರುವಾಗಿದ್ದೇ 1998ರಲ್ಲಿ. ಅಷ್ಟೊತ್ತಿಗೆ ಕೈಮರದ ಕಾಲ ಮುಗಿಯುತ್ತಾ ಬಂದಿತ್ತು, ಹಾಗಾಗಿ ನಮ್ಮ ಕರಾವಳಿಯಲ್ಲಿ ಕಾಣೋದೆಲ್ಲ ದೀಪದ ಸಿಗ್ನಲ್. ಶಿರಸಿಯವರಿಗಂತೂ ರೈಲೇ ಇಲ್ಲ. ಹುಬ್ಬಳ್ಳಿ–ಅಂಕೋಲಾ ಮಾರ್ಗಕ್ಕೆ 1999ರಲ್ಲಿ ಅಡಿಗಲ್ಲು ಹಾಕಿದರೂ ರೈಲು ಇನ್ನೂ ಘಟ್ಟ ಇಳಿದಿಲ್ಲ.

ಆದರೆ ರೈಲಿನಲ್ಲೇ ಒಂದು ಒಳ್ಳೆಯ ಸುತ್ತು ಹಾಕಬಹುದು. ಕಾರವಾರದಿಂದ ಮಡಗಾಂವ್, ಅಲ್ಲಿಂದ ಕ್ಯಾಸಲ್‌ರಾಕ್ ಮೇಲೆ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಮೈಸೂರು, ಮೈಸೂರಿನಿಂದ ಮುರುಡೇಶ್ವರ. ನಾನು ಗೆಳೆಯನ ಜೊತೆ ಹೋಗಿ ಬಂದ ದಾರಿ ಇದು. ಶಿರಸಿಯವರು ಸೀದಾ ಬಸ್ ಹತ್ತಿ ಹುಬ್ಬಳ್ಳಿಯಿಂದ ಶುರು ಮಾಡಬಹುದು, ಆದರೆ ಕ್ಯಾಸಲ್‌ರಾಕ್ ತಪ್ಪಿಹೋಗುತ್ತದೆ. ನನ್ನ ಪ್ರಕಾರ ಅದನ್ನು ಬಿಡಬಾರದು.

ಕ್ಯಾಸಲ್‌ರಾಕ್ ನಮ್ಮದೇ ಉತ್ತರ ಕನ್ನಡ ಜಿಲ್ಲೆಯ ಸ್ಟೇಷನ್, ಜೋಯಿಡಾ ತಾಲೂಕು. ಕಾರವಾರಕ್ಕೆ ರೈಲು ಬರುವುದಕ್ಕಿಂತ ನೂರು ವರ್ಷ ಮೊದಲೇ, 1888ರ ಹೊತ್ತಿಗೆ, ಇಲ್ಲಿ ರೈಲು ಓಡುತ್ತಿತ್ತು. ಒಂದು ಕಡೆ ಬ್ರಿಟಿಷರು, ಇನ್ನೊಂದು ಕಡೆ ಪೋರ್ಚುಗೀಸರು, ನಡುವೆ ಈ ಗಡಿ ಸ್ಟೇಷನ್. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. ಈಗ ಇಲ್ಲೂ ದೀಪದ ಸಿಗ್ನಲ್ಲೇ. ಮತ್ತೆ ಯಾಕೆ ಹೋಗಬೇಕು ಅಂದರೆ, ಸಿಗ್ನಲ್ ಅನ್ನೋದು ಯಾಕೆ ಬೇಕು ಅಂತ ಪುಸ್ತಕ ಓದದೇ ಅರ್ಥ ಆಗೋ ಜಾಗ ಇದು. ಘಟ್ಟದ ಕೆಳಗಿನ ಗೋವಾದ ಸ್ಟೇಷನ್ ಕುಳೆಯಿಂದ ಇಲ್ಲಿಗೆ ಏರು 37 ಅಡಿಗೆ 1 ಅಡಿ. ಅಷ್ಟು ಕಡಿದು ಅಂತಲೇ ಹತ್ತುವ ಗಾಡಿಗೆ ಕುಳೆಯಲ್ಲಿ ಹೆಚ್ಚುವರಿ ಇಂಜಿನ್ ಜೋಡಿಸುತ್ತಾರೆ, ಕ್ಯಾಸಲ್‌ರಾಕ್‌ನಲ್ಲಿ ಬಿಡಿಸುತ್ತಾರೆ. ಇಳಿಯುವ ಗಾಡಿಗಳು ಇಲ್ಲಿ ನಿಂತು ಬ್ರೇಕ್ ಪರೀಕ್ಷೆ ಮಾಡಿಸಿಕೊಂಡೇ ಮುಂದೆ ಹೋಗೋದು. ಇಂಥ ಇಳಿಜಾರಿನಲ್ಲಿ ಒಂದೇ ಹಳಿಯ ಮೇಲೆ ಎದುರುಬದುರು ಎರಡು ಗಾಡಿ ಬರದ ಹಾಗೆ ವಿದ್ಯುತ್ ದೀಪ, ಕಂಪ್ಯೂಟರ್ ಏನೂ ಇಲ್ಲದ ಕಾಲದಲ್ಲಿ ನೋಡಿಕೊಂಡವರು ತಂತಿ, ಲಿವರ್ ಮತ್ತು ಟೋಕನ್ ನಂಬಿಕೊಂಡು ದುಡಿದವರು.

ಇಲ್ಲಿ ಒಂದೆರಡು ಎಚ್ಚರಿಕೆ. ಸ್ಟೇಷನ್‌ನಲ್ಲಿ ಊಟ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ, ಮಡಗಾಂವ್‌ನಲ್ಲೇ ಕಟ್ಟಿಸಿಕೊಳ್ಳಿ. ಈ ಮಾರ್ಗದಲ್ಲಿ ಗಾಡಿಗಳು ಕಡಿಮೆ, ಇಳಿಯೋದಾದರೆ ಮುಂದಿನ ಗಾಡಿ ಯಾವಾಗ ಅಂತ ಮೊದಲೇ ನೋಡಿಟ್ಟುಕೊಂಡು ಇಳಿಯಿರಿ. ಮಳೆಗಾಲದಲ್ಲಿ ಉಂಬಳ ಜಾಸ್ತಿ. ಹಳಿ ಹಿಡಿದು ದೂಧಸಾಗರಕ್ಕೆ ನಡೆಯೋದು ಬೇಡವೇ ಬೇಡ. ಅಪ್ಪಣೆ ಇಲ್ಲದೆ ಹಳಿ ಮೇಲೆ ಓಡಾಡಿದರೆ ರೈಲ್ವೆ ಕಾಯ್ದೆ 147ನೇ ಕಲಂ ಪ್ರಕಾರ ಆರು ತಿಂಗಳ ತನಕ ಜೈಲು ಅಥವಾ 1,000 ರೂಪಾಯಿ ತನಕ ದಂಡ ಬೀಳಬಹುದು. ಕಾಯ್ದೆ ಬಿಡಿ, ಆ ತಿರುವುಗಳಲ್ಲಿ ಗಾಡಿ ಬಂದಿದ್ದೇ ಗೊತ್ತಾಗೋದಿಲ್ಲ.

ಹುಬ್ಬಳ್ಳಿಯಲ್ಲಿ 2020ರಲ್ಲಿ ರೈಲ್ವೆ ಮ್ಯೂಸಿಯಂ ಆಗಿದೆ. ಸ್ಟೇಷನ್‌ನ ಗದಗ ರಸ್ತೆ ಕಡೆಯ ಬಾಗಿಲಿನ ಹತ್ತಿರ. ಮುಂಬಾಗಿಲಲ್ಲಿ ಇಳಿದವರು ಸುಮ್ನೆ ಸುತ್ತು ಹಾಕುತ್ತಾರೆ, ಆಟೋದವರಿಗೆ ಗದಗ ರಸ್ತೆ ಅಂತಲೇ ಹೇಳಿ. ಮಲಪ್ರಭಾ, ಘಟಪ್ರಭಾ ಅನ್ನುವ ಎರಡು ಹಳೆ ಮನೆಗಳಲ್ಲಿ ಸಾಮಾನು ಜೋಡಿಸಿದ್ದಾರೆ. ಹೊರಗಿನ ಇಂಜಿನ್ ಮುಂದೆ ಫೋಟೊ ತೆಗೆಸಿಕೊಂಡು ವಾಪಸ್ ಬರುವವರೇ ಜಾಸ್ತಿ, ನೀವು ಮಾತ್ರ ಒಳಗೆ ನಿಧಾನವಾಗಿ ನೋಡಿ.

ಹೋಗುವ ಮೊದಲು ಟೋಕನ್ ವಿಷಯ ತಿಳಿದುಕೊಂಡಿರಬೇಕು, ಇಲ್ಲದಿದ್ದರೆ ಅದರ ಯಂತ್ರ ಬರೀ ಕಬ್ಬಿಣದ ಪೆಟ್ಟಿಗೆಯಾಗಿ ಕಾಣುತ್ತದೆ. ನಮ್ಮ ದೇಶದಲ್ಲಿ ಹೆಚ್ಚು ಬಳಕೆಯಲ್ಲಿದ್ದದ್ದು ನೀಲ್ಸ್ ಟೋಕನ್ ಯಂತ್ರ. ಪಕ್ಕಪಕ್ಕದ ಎರಡು ಸ್ಟೇಷನ್‌ಗಳಲ್ಲಿ ಒಂದೊಂದು ಯಂತ್ರ, ನಡುವೆ ತಂತಿ ಸಂಪರ್ಕ. ಆ ಕಡೆಯ ಸ್ಟೇಷನ್ ಮಾಸ್ಟರ್ ಲೈನ್ ಕ್ಲಿಯರ್, ಅಂದರೆ ಹಳಿ ಖಾಲಿ ಇದೆ ಗಾಡಿ ಬಿಡಿ ಅನ್ನುವ ಒಪ್ಪಿಗೆ, ಕೊಟ್ಟರೆ ಮಾತ್ರ ಈ ಕಡೆಯ ಯಂತ್ರ ಒಂದು ಚೆಂಡನ್ನು ಹೊರಗೆ ಬಿಡುತ್ತದೆ. ಮುಷ್ಟಿಯಲ್ಲಿ ಹಿಡಿಯುವಷ್ಟು ದೊಡ್ಡ ಲೋಹದ ಚೆಂಡು. ಅದು ಮತ್ತೆ ಯಾವುದಾದರೂ ಒಂದು ಯಂತ್ರದೊಳಗೆ ಬೀಳುವ ತನಕ ಎರಡನೇ ಚೆಂಡು ಬರೋದೇ ಇಲ್ಲ. ಚೆಂಡು ಕೈಯಲ್ಲಿಲ್ಲದೆ ಡ್ರೈವರ್ ಗಾಡಿ ಬಿಡುವಂತಿಲ್ಲ. ಇಷ್ಟೇ ನಿಯಮ. ಚರ್ಮದ ಚೀಲದಲ್ಲಿ ಹಾಕಿ ಬೆತ್ತದ ಬಳೆಗೆ ಸಿಕ್ಕಿಸಿ ಎತ್ತಿ ಹಿಡಿದರೆ, ಓಡುವ ಇಂಜಿನ್ನಿನಿಂದಲೇ ಕೈ ಚಾಚಿ ತೆಗೆದುಕೊಂಡು ಹೋಗುತ್ತಿದ್ದರು.

ಹುಬ್ಬಳ್ಳಿಯಿಂದ ಮೈಸೂರಿಗೆ ಹಗಲು ಹೋಗೋದಾದರೆ ವಿಶ್ವಮಾನವ ಎಕ್ಸ್‌ಪ್ರೆಸ್ ಇದೆ. ನಾವು ಅದರಲ್ಲೇ ಹೋದೆವು. ಎದುರಿಗೆ ಕೂತಿದ್ದ ಹಿರಿಯರೊಬ್ಬರು ನಮ್ಮ ಮಾತು ಕೇಳಿ ತಾವೇ ಸೇರಿಕೊಂಡರು. ಕ್ಯಾಬಿನ್‌ನಲ್ಲಿ ಲಿವರ್ ಎಳೆದು ನಿವೃತ್ತರಾದವರಂತೆ. "ತಮ್ಮಾ, ಕೈಮರ ಕಣ್ಣಿಗೆ ಕಾಣದಿದ್ರೂ ಲಿವರ್ ಹಿಡಿದ ಕೈಗೆ ಗೊತ್ತಾಗ್ತಿತ್ತು" ಅಂದರು. ಲಿವರಿನಿಂದ ಕೈಮರಕ್ಕೆ ಹೋಗುವ ತಂತಿ ಎಲ್ಲೋ ಸಿಕ್ಕಿಕೊಂಡರೆ ಭಾರ, ಹರಿದರೆ ಒಮ್ಮೆಲೇ ಹಗುರ. ಬಿಸಿಲಿಗೆ ತಂತಿ ಉದ್ದವಾಗಿ ಸಡಿಲಾದರೆ ಕ್ಯಾಬಿನ್ ಹತ್ತಿರವೇ ಬಿಗಿ ಮಾಡುವ ವ್ಯವಸ್ಥೆ ಇರುತ್ತಿತ್ತು. ಕೆಂಪು ಲಿವರ್ ಕೈಮರಕ್ಕೆ, ಕಪ್ಪು ಪಾಯಿಂಟಿಗೆ (ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಜಾಗ), ನೀಲಿ ಪಾಯಿಂಟಿನ ಬೀಗಕ್ಕೆ ಅಂತ ಅವರು ಬೆರಳು ಮಡಿಚಿ ಹೇಳಿದ ಮೇಲೆ ನಮಗೆ ಕ್ಯಾಬಿನ್ನಿನ ಚಿತ್ರ ಕಣ್ಣಿಗೆ ಕಟ್ಟಿತು. ಪಾಯಿಂಟ್ ಸರಿಯಾಗಿ ಕೂತು ಬೀಗ ಬೀಳದೆ ಕೆಂಪು ಲಿವರ್ ಎಷ್ಟು ಜಗ್ಗಿದರೂ ಬರುತ್ತಿರಲಿಲ್ಲ, ಕೆಳಗೆ ಉಕ್ಕಿನ ಪಟ್ಟಿಗಳು ಒಂದಕ್ಕೊಂದು ಅಡ್ಡ ಹಾಕಿಕೊಂಡಿರುತ್ತಿದ್ದವು. ಇಂಥವರು ಸಿಕ್ಕರೆ ಮೊಬೈಲ್ ಪಕ್ಕಕ್ಕಿಟ್ಟು ಕೇಳಿ. ಮ್ಯೂಸಿಯಂನ ಫಲಕದಲ್ಲಿ ಇದನ್ನೆಲ್ಲ ಯಾರೂ ಬರೆದಿರೋದಿಲ್ಲ.

ಮೈಸೂರಿನ ರೈಲ್ವೆ ಮ್ಯೂಸಿಯಂ 1979ರದ್ದು, ಸ್ಟೇಷನ್ನಿಗೆ ಹತ್ತಿರ, ಕೆ.ಆರ್.ಎಸ್. ರಸ್ತೆಯಲ್ಲಿದೆ. 1899ರ ಮಹಾರಾಣಿ ಬೋಗಿ, ಆಸ್ಟಿನ್ ರೈಲು ಕಾರು ನೋಡಲು ಜನ ಬರುತ್ತಾರೆ. ಸಿಗ್ನಲ್ ಮತ್ತು ದೀಪಗಳ ಸಂಗ್ರಹವೂ ಇದೆ, ನಿಮ್ಮ ಹೊತ್ತು ಅಲ್ಲಿಗೆ ಇಟ್ಟುಕೊಳ್ಳಿ. ಹಳೆ ಕೈಮರದ ತೋಳು ಅಡ್ಡಕ್ಕಿದ್ದರೆ ನಿಲ್ಲು, ಕೆಳಕ್ಕೆ ಬಾಗಿದರೆ ಬಾ. ತಂತಿ ಹರಿದುಹೋದರೆ ಎದುರುಭಾರ, ಅಂದರೆ ತೋಳಿಗೆ ಜೋಡಿಸಿದ ತೂಕ, ತೋಳನ್ನು ಅಡ್ಡಕ್ಕೇ ತಂದು ನಿಲ್ಲಿಸುತ್ತದೆ, ಅಂದರೆ ಕೆಟ್ಟರೂ 'ನಿಲ್ಲು' ಅಂತಲೇ ಹೇಳುತ್ತದೆ. ಈ ಒಂದು ಯೋಚನೆ ಎಷ್ಟು ಜೀವ ಉಳಿಸಿರಬಹುದು ಹೇಳಿ! ತೋಳಿನ ತುದಿ ಮೀನಿನ ಬಾಲದ ಹಾಗೆ ಕತ್ತರಿಸಿದ್ದರೆ ಅದು ಮುಂದಿನ ಸಿಗ್ನಲ್ ಬಗ್ಗೆ ಮೊದಲೇ ತಿಳಿಸುವ ಕೈಮರ. ಗಾಜುಗಳನ್ನೂ ಹತ್ತಿರದಿಂದ ನೋಡಿ. ಒಂದು ಕೆಂಪು ಸರಿ, ಇನ್ನೊಂದು ಹಸಿರಲ್ಲ, ನೀಲಿಯ ಕಡೆಗಿರುತ್ತದೆ. ಸೀಮೆಎಣ್ಣೆ ದೀಪದ ಉರಿ ಹಳದಿ ಅಲ್ವಾ, ನೀಲಿ ಗಾಜಿನ ಹಿಂದೆ ಅದು ಉರಿದಾಗ ಡ್ರೈವರಿಗೆ ಹಸಿರಾಗಿ ಕಾಣುತ್ತಿತ್ತು. ಆ ದೀಪಕ್ಕೆ ಎಣ್ಣೆ ಹಾಕಲು, ಬತ್ತಿ ಸರಿಮಾಡಲು ಮಳೆಯಿರಲಿ ಗಾಳಿಯಿರಲಿ ಕಂಬಕ್ಕೆ ಏಣಿ ಹತ್ತಿ ಹೋಗುತ್ತಿದ್ದವರು ಇದ್ದರು. ಕಂಬದ ಬುಡದಲ್ಲಿ ನಿಂತು ಒಮ್ಮೆ ತಲೆ ಎತ್ತಿ ನೋಡಿದರೆ ಆ ಕೆಲಸ ಎಂಥದ್ದು ಅಂತ ಗೊತ್ತಾಗುತ್ತದೆ.

ಎರಡೂ ಮ್ಯೂಸಿಯಂಗಳಿಗೆ ವಾರದ ರಜೆ ಯಾವತ್ತು ಅಂತ ಹೊರಡುವ ಮೊದಲು ವಿಚಾರಿಸಿಕೊಂಡೇ ಟಿಕೆಟ್ ಮಾಡಿ. ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ, ಆದರೆ ಲಿವರ್ ಕಂಡ ಕೂಡಲೇ ಜಗ್ಗಲು ಬಿಡಬೇಡಿ, ಸಿಬ್ಬಂದಿಯನ್ನು ಕೇಳಿ ಮುಟ್ಟಿಸಿ.

ವಾಪಸ್ ಬರಲು ಬೆಂಗಳೂರು–ಮುರುಡೇಶ್ವರ ಎಕ್ಸ್‌ಪ್ರೆಸ್ ಮೈಸೂರು, ಹಾಸನ, ಮಂಗಳೂರು ಮೇಲೆಯೇ ಬರುತ್ತದೆ. ಭಟ್ಕಳ, ಮುರುಡೇಶ್ವರದವರಿಗೆ ಮನೆ ಬಾಗಿಲಿಗೆ ಬಂದ ಹಾಗೆ. ಕಾರವಾರದವರು ಮುರುಡೇಶ್ವರದಲ್ಲಿ ಇಳಿದು ಹೆದ್ದಾರಿಗೆ ಬಂದು ಬಸ್ ಹಿಡಿಯಬೇಕು, ಶಿರಸಿಯವರು ಕುಮಟಾ ತನಕ ಬಂದು ದೇವಿಮನೆ ಘಟ್ಟದ ಬಸ್ ಹತ್ತಬೇಕು. ಹಬ್ಬದ ದಿನಗಳಲ್ಲಿ ಬರ್ತ್ ಸಿಗೋದು ಕಷ್ಟ, ಹಾಗಾಗಿ ಹೋಗುವ ಟಿಕೆಟ್ಟಿಗಿಂತ ಮೊದಲು ಈ ಬರುವ ಟಿಕೆಟ್ ಮಾಡಿಸಿಟ್ಟುಕೊಳ್ಳಿ.